ಮಳೆ ಹೆಚ್ಚಿರುವ ನಾಡಿನಲ್ಲಿ ಡಸ್ಟ್ ಕಲೆಕ್ಟರಿನ ಫಿಲ್ಟರನ್ನು ಶುಚಿ ಮಾಡುವ ಮತ್ತು ಕಾಪಾಡುವ ಕ್ರಮ

ಕಾಸರಗೋಡಿನ ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆ ಮನೆಯ ಪಕ್ಕದ ಶೆಡ್ಡಿನಲ್ಲಿ ಪ್ಲೇನರ್, ಟೇಬಲ್ ಗರಗಸ, ಸ್ಯಾಂಡರ್ ಇಟ್ಟುಕೊಂಡು ಬಾಗಿಲು, ಕಿಟಕಿ, ಕಪಾಟುಗಳ ಕೆಲಸ ಮಾಡುವವರು ಮರದ ಹುಡಿಯನ್ನು ಎಳೆದು ಶೇಖರಿಸುವ ಯಂತ್ರವಾದ ಡಸ್ಟ್ ಕಲೆಕ್ಟರನ್ನು ತಂದಿಟ್ಟರೆ ಮೊದಲ ಬೇಸಗೆಯಲ್ಲಿ ಅದು ಹುಡಿಯನ್ನು ಚೆನ್ನಾಗಿಯೇ ಎಳೆಯುತ್ತದೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಎಳೆತ ಕುಗ್ಗುತ್ತದೆ, ಗರಗಸದ ಮೇಜಿನ ಮೇಲೆ ಹುಡಿ ಉಳಿಯತೊಡಗುತ್ತದೆ, ಸಂಜೆಯ ಹೊತ್ತಿಗೆ ಕಿಟಕಿಯ ಸರಳುಗಳ ಮೇಲೆ ನಯವಾದ ಪದರ ಕಾಣಿಸುತ್ತದೆ. ಆಗ ದೋಷವನ್ನು ಮೋಟಾರಿನ ಮೇಲೋ ವೋಲ್ಟೇಜಿನ ಮೇಲೋ ಹೊರಿಸುವುದು ವಾಡಿಕೆಯಾದರೂ ಹೆಚ್ಚಿನ ಸಲ ಕಾರಣ ಇರುವುದು ಫಿಲ್ಟರಿನಲ್ಲಿ. ಅದರಲ್ಲಿಯೂ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ ಕಾಸರಗೋಡಿನಂಥ ಜಿಲ್ಲೆಯಲ್ಲಿ ಫಿಲ್ಟರನ್ನು ಕೆಡಿಸುವುದು ಬರಿಯ ಹುಡಿಯಲ್ಲ. ಗಾಳಿಯ ತೇವವೂ, ತೇವಕ್ಕೆ ಅಂಟಿಕೊಂಡ ಹುಡಿಯನ್ನು ಬಿಡಿಸಲೆಂದು ನಾವು ಮಾಡುವ ಅತಿಯಾದ ಉಪಚಾರವೂ ಅದನ್ನು ಹೆಚ್ಚು ಕೆಡಿಸುತ್ತವೆ. ಆದುದರಿಂದ ಇಲ್ಲಿ ಹೇಳುವ ಕ್ರಮದಲ್ಲಿ ಶುಚಿ ಮಾಡುವುದಕ್ಕಿಂತ ಮೊದಲು ಅಳತೆ ಬರುತ್ತದೆ, ತೊಳೆಯುವುದಕ್ಕಿಂತ ಹೆಚ್ಚಾಗಿ ಒಣಗಿಸುವುದರ ಮಾತು ಬರುತ್ತದೆ.

ಇಷ್ಟು ಕಾಳಜಿ ಏಕೆ ಎಂಬುದಕ್ಕೆ ಕಾರಣ ಶ್ವಾಸಕೋಶಕ್ಕೆ ಸಂಬಂಧಿಸಿದ್ದು. ಕಣ್ಣಿಗೆ ಕಾಣುವ ಒರಟು ಹುಡಿ ಮೂಗಿನಲ್ಲಿಯೇ ನಿಂತುಬಿಡುತ್ತದೆ. 10 ಮೈಕ್ರಾನಿಗಿಂತ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ಸಣ್ಣ ಕಣಗಳು ಗಂಟಲಿನಾಚೆ ಹೋಗುತ್ತವೆ, 2.5 ಮೈಕ್ರಾನಿಗಿಂತ ಸಣ್ಣವು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಮನುಷ್ಯನ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂಬುದನ್ನು ನೆನೆದರೆ ಇವು ಎಷ್ಟು ಸಣ್ಣವೆಂದು ತಿಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮರದ ಹುಡಿಯನ್ನು 1995ರಲ್ಲಿಯೇ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಮೂಗು ಮತ್ತು ಮೂಗಿನ ಪಕ್ಕದ ಎಲುಬುಗೂಡುಗಳ ಕ್ಯಾನ್ಸರ್ ಇದರಲ್ಲಿ ಮುಖ್ಯವಾದುದು. 1948ರ ಕಾರ್ಖಾನೆಗಳ ಕಾಯಿದೆಯ 14ನೆಯ ವಿಧಿ ಹುಡಿ ಹುಟ್ಟುವ ಜಾಗದ ಹತ್ತಿರದಲ್ಲಿಯೇ ಅದನ್ನು ಎಳೆದು ತೆಗೆಯುವ ಸಾಧನ ಬೇಕೆಂದು ಹೇಳಿತ್ತು. ಮನೆಯ ಶೆಡ್ಡು ಆ ಕಾಯಿದೆಯ ವ್ಯಾಪ್ತಿಗೆ ಬಾರದಿದ್ದರೂ ಅಲ್ಲಿ ಉಸಿರಾಡುವವರ ಶ್ವಾಸಕೋಶ ಬೇರೆಯದಲ್ಲವಷ್ಟೆ.

ಯಂತ್ರದ ಬಗೆ ತಿಳಿದಿರಲಿ

ನಮ್ಮ ಶೆಡ್ಡುಗಳಲ್ಲಿ ಸಾಮಾನ್ಯವಾಗಿ ಕಾಣುವುದು 1ರಿಂದ 3 ಎಚ್.ಪಿ. ಮೋಟಾರಿನ, ಒಂದೇ ಹಂತದ ಯಂತ್ರ. ಫ್ಯಾನು ಹುಡಿಯನ್ನೂ ಗಾಳಿಯನ್ನೂ ಒಟ್ಟಿಗೆ ಎಳೆದು ನಡುವಿನ ಲೋಹದ ಉಂಗುರದೊಳಕ್ಕೆ ತಳ್ಳುತ್ತದೆ; ಒರಟು ಹುಡಿ ಕೆಳಗಿನ ಪ್ಲಾಸ್ಟಿಕ್ ಚೀಲಕ್ಕೆ ಬೀಳುತ್ತದೆ, ನಯವಾದ ಹುಡಿ ಹೊತ್ತ ಗಾಳಿ ಮೇಲಿನ ಫಿಲ್ಟರಿನ ಒಳಗಿನಿಂದ ಹೊರಕ್ಕೆ ಹೋಗುತ್ತದೆ. ಮೇಲಿನ ಫಿಲ್ಟರು ಬಟ್ಟೆಯ ಚೀಲವಾಗಿರಬಹುದು, ಇಲ್ಲವೆ ನೆರಿಗೆ ಹಿಡಿದ ಹಾಳೆಯನ್ನು ಉರುಟಾಗಿ ಸುತ್ತಿದ ಕ್ಯಾನಿಸ್ಟರ್ ಆಗಿರಬಹುದು. ನೆರಿಗೆಯ ಹಾಳೆಯಲ್ಲಿ ಮತ್ತೆ ಎರಡು ಬಗೆಗಳಿವೆ: ಕಾಗದದ ಜಾತಿಯ ಸೆಲ್ಯುಲೋಸ್, ಮತ್ತು ಬಟ್ಟೆಯಂತೆ ಬಾಗುವ ಪಾಲಿಯೆಸ್ಟರ್. ನಿಮ್ಮದು ಯಾವುದೆಂದು ಯಂತ್ರದ ಜೊತೆಗೆ ಬಂದ ಪುಸ್ತಕದಲ್ಲಿ ನೋಡಿಕೊಳ್ಳಬೇಕು, ಏಕೆಂದರೆ ಕಾಗದದ ಫಿಲ್ಟರಿಗೆ ನೀರು ಮುಟ್ಟಿಸುವಂತಿಲ್ಲ. ಪುಸ್ತಕ ಸಿಗದಿದ್ದರೆ ಕಾಗದವೆಂದೇ ಭಾವಿಸಿ ನಡೆಯುವುದು ಕ್ಷೇಮ.

ಹೊಸ ಫಿಲ್ಟರು ಹಳೆಯದಕ್ಕಿಂತ ಚೆನ್ನಾಗಿ ಸೋಸುತ್ತದೆ ಎಂಬ ನಂಬಿಕೆ ಎಲ್ಲೆಡೆ ಇದೆ. ನಡೆಯುವುದು ಇದಕ್ಕೆ ವಿರುದ್ಧ. ಹೊಸ ಬಟ್ಟೆಯ ನೂಲುಗಳ ನಡುವಿನ ಸಂದುಗಳಿಂದ ಅತಿ ನಯವಾದ ಹುಡಿ ಸ್ವಲ್ಪ ಹೊರಗೆ ಹೋಗಿಯೇ ಹೋಗುತ್ತದೆ. ಕೆಲವು ದಿನ ಕೆಲಸ ಮಾಡಿದ ಬಳಿಕ ಒಳಮೈಗೆ ಹುಡಿಯ ತೆಳ್ಳಗಿನ ಪದರ ಕೂತು, ಆ ಪದರವೇ ಬಟ್ಟೆಗಿಂತ ಸೂಕ್ಷ್ಮವಾದ ಜರಡಿಯಾಗುತ್ತದೆ. ಪದರ ದಪ್ಪವಾದಂತೆ ಗಾಳಿಗೆ ತಡೆ ಹೆಚ್ಚುತ್ತದೆ. ಹೀಗಾಗಿ ಫಿಲ್ಟರನ್ನು ಶುಚಿ ಮಾಡುವುದೆಂದರೆ ದಪ್ಪವಾದ ಪದರವನ್ನು ಉದುರಿಸಿ ತೆಳುವಾದುದನ್ನು ಉಳಿಸಿಕೊಳ್ಳುವುದು. ಪ್ರತಿ ಶನಿವಾರ ಫಿಲ್ಟರನ್ನು ಕಳಚಿ ಬೆಳ್ಳಗಾಗುವ ತನಕ ಗಾಳಿ ಹೊಡೆಯುವವರು ಪ್ರತಿ ಸೋಮವಾರ ನಯವಾದ ಹುಡಿಯನ್ನು ಉಸಿರಾಡುತ್ತಾರೆ, ಜೊತೆಗೆ ಫಿಲ್ಟರಿನ ಆಯುಷ್ಯವನ್ನೂ ಕಡಿಮೆ ಮಾಡುತ್ತಾರೆ.

ಮೊದಲ ಹೆಜ್ಜೆ: ನೀರಿನ ಮಾಪಕ

ಹಾಗಾದರೆ ಯಾವಾಗ ಶುಚಿ ಮಾಡಬೇಕು? ಕಣ್ಣಂದಾಜು ಇಲ್ಲಿ ಪ್ರಯೋಜನಕ್ಕೆ ಬಾರದು, ಏಕೆಂದರೆ ಹುಡಿ ಕೂರುವುದು ಒಳಮೈಯಲ್ಲಿ. ಫಿಲ್ಟರಿನ ಒಳಗಿನ ಗಾಳಿಯ ಒತ್ತಡ ಹೊರಗಿನದಕ್ಕಿಂತ ಎಷ್ಟು ಹೆಚ್ಚಾಗಿದೆ ಎಂಬುದನ್ನು ಅಳೆದರೆ ತಡೆ ಎಷ್ಟಿದೆಯೆಂದು ಗೊತ್ತಾಗುತ್ತದೆ. ಇದಕ್ಕೆ ಮುಳ್ಳಿರುವ ಮೀಟರುಗಳು ಸಿಗುತ್ತವೆ, ಆದರೆ ಮೇಸ್ತ್ರಿಗಳು ಗೋಡೆಯ ಮಟ್ಟ ನೋಡಲು ಬಳಸುವ ಪಾರದರ್ಶಕ ಲೆವೆಲ್ ಟ್ಯೂಬಿನ ಒಂದೂವರೆ ಮೀಟರ್ ತುಂಡು ಅಷ್ಟೇ ನಂಬಿಕೆಯ ಕೆಲಸ ಮಾಡುತ್ತದೆ.

ಯಂತ್ರದ ಪ್ಲಗ್ ತೆಗೆದು, ನಡುವಿನ ಲೋಹದ ಉಂಗುರದಲ್ಲಿ, ಹುಡಿಯ ಪೈಪು ಒಳಗೆ ಬರುವ ಬಾಯಿಗೆ ಎದುರಾಗದ ಬದಿಯಲ್ಲಿ 6 ಮಿಲಿಮೀಟರಿನ ಒಂದು ತೂತು ಕೊರೆಯಿರಿ. ತೂತಿನ ಅಂಚನ್ನು ಅರದಿಂದ ಉಜ್ಜಿ ನಯಗೊಳಿಸಿ, ಟ್ಯೂಬು ಸಿಕ್ಕಿಸಲು ಸಣ್ಣ ಹಿತ್ತಾಳೆಯ ನಿಪ್ಪಲ್ ಒಂದನ್ನು ಒಳಕ್ಕೆ ಚಾಚದಂತೆ ಬಿಗಿದು ಸುತ್ತ ಸಿಲಿಕೋನ್ ಹಚ್ಚಿರಿ. ಟ್ಯೂಬನ್ನು ಒಂದು ಹಲಗೆಯ ಮೇಲೆ ಎರಡೂ ತೋಳುಗಳು ಸುಮಾರು ಅರ್ಧ ಮೀಟರ್ ಎತ್ತರ ಬರುವಂತೆ ಬಗ್ಗಿಸಿ ಕ್ಲಿಪ್ಪು ಹೊಡೆದು, ಅರ್ಧದ ತನಕ ನೀರು ತುಂಬಿಸಿ, ಬಟ್ಟೆಗೆ ಹಾಕುವ ನೀಲಿಯ ಎರಡು ತೊಟ್ಟು ಬಿಟ್ಟರೆ ಮಟ್ಟ ಸ್ಪಷ್ಟವಾಗಿ ಕಾಣುತ್ತದೆ. ಒಂದು ತುದಿ ನಿಪ್ಪಲಿಗೆ, ಇನ್ನೊಂದು ತುದಿ ಶೆಡ್ಡಿನ ಗಾಳಿಗೆ. ಯಂತ್ರ ಓಡಿಸಿದಾಗ ಒಂದು ತೋಳಿನ ನೀರು ಇಳಿದು ಇನ್ನೊಂದರಲ್ಲಿ ಏರುತ್ತದೆ. ಎರಡು ಮಟ್ಟಗಳ ನಡುವಿನ ಅಂತರವನ್ನು ಮಿಲಿಮೀಟರಿನಲ್ಲಿ ಓದಿದರೆ ಸಾಕು. ಇಂಚಿನಲ್ಲಿ ಲೆಕ್ಕ ಹೇಳುವ ಪುಸ್ತಕಗಳಿಗೆ ಹೋಲಿಸಬೇಕಾದರೆ 25.4 ಮಿಲಿಮೀಟರ್ ನೀರಿನ ಎತ್ತರವೇ ಒಂದು ಇಂಚು.

ಓದುವಾಗ ಒಂದು ನಿಯಮ ತಪ್ಪಬಾರದು. ಪ್ರತಿ ಸಲವೂ ಅದೇ ಪೈಪು, ಪೈಪಿನ ದಾರಿಯನ್ನು ತೆರೆದು ಮುಚ್ಚುವ ಅದೇ ಗೇಟು ಪೂರ್ತಿ ತೆರೆದಿರಬೇಕು. ಗೇಟು ಬದಲಾದರೆ ಗಾಳಿಯ ಪ್ರಮಾಣ ಬದಲಾಗಿ ಓದು ಹೋಲಿಕೆಗೆ ಸಿಗುವುದಿಲ್ಲ. ಹೊಸ ಫಿಲ್ಟರು ಹಾಕಿ ಒಂದು ವಾರದ ಕೆಲಸ ಮುಗಿದು, ಮೂರನೆಯ ಹೆಜ್ಜೆಯಲ್ಲಿ ಹೇಳುವಂತೆ ಮೊದಲ ಸಲ ಹುಡಿ ಉದುರಿಸಿದ ಬಳಿಕ ಬರುವ ಅಂತರವನ್ನು ಹಲಗೆಯ ಮೇಲೆ ಗೆರೆ ಹಾಕಿ ಗುರುತಿಸಿರಿ. ಅದು ನಿಮ್ಮ ಯಂತ್ರದ ಮೂಲ ಓದು. ಅಂತರ ಮೂಲದ ಎರಡರಷ್ಟಾದಾಗ ಉದುರಿಸುವ ಕೆಲಸ ಮಾಡಬೇಕು. ಉದುರಿಸಿದರೂ ಅದು ಮೂಲದ ಹತ್ತಿರಕ್ಕೆ ಇಳಿಯದಿದ್ದರೆ ಮಾತ್ರ ಫಿಲ್ಟರನ್ನು ಬಿಚ್ಚಬೇಕು.

ಈ ಟ್ಯೂಬಿನಿಂದ ಇನ್ನೊಂದು ಲಾಭವಿದೆ. ಎಳೆತ ಕಡಿಮೆಯಾಗಿ ನೀರಿನ ಅಂತರ ಹೆಚ್ಚಾಗಿದ್ದರೆ ದೋಷ ಫಿಲ್ಟರಿನಲ್ಲಿದೆ. ಎಳೆತವೂ ಕಡಿಮೆ, ಅಂತರವೂ ಕಡಿಮೆ ಎಂದಾದರೆ ಗಾಳಿ ಫಿಲ್ಟರಿನ ತನಕ ಬರುತ್ತಲೇ ಇಲ್ಲ: ಪೈಪಿನಲ್ಲಿ ಪ್ಲೇನರಿನ ಉದ್ದನೆಯ ಸಿಪ್ಪೆ ಸಿಕ್ಕಿಕೊಂಡಿದೆ, ಇಲ್ಲವೆ ಫ್ಯಾನಿನ ರೆಕ್ಕೆಗೆ ಪ್ಲಾಸ್ಟಿಕ್ ತುಂಡೋ ಗೋಣಿದಾರವೋ ಸುತ್ತಿಕೊಂಡಿದೆ. ಎಳೆತ ಸರಿಯಾಗಿದ್ದು ಅಂತರ ಒಮ್ಮೆಲೇ ಕುಸಿದರೆ ಫಿಲ್ಟರು ಹರಿದಿದೆ ಅಥವಾ ಕ್ಲಾಂಪು ಬಿಟ್ಟಿದೆ. ಈ ಮೂರು ಸ್ಥಿತಿಗಳನ್ನು ಬೇರೆ ಬೇರೆಯಾಗಿ ಗುರುತಿಸಲಾಗದೆ ಒಳ್ಳೆಯ ಫಿಲ್ಟರನ್ನು ಎಸೆದು ಹೊಸದು ತರುವವರಿದ್ದಾರೆ.

ಎರಡನೆಯ ಹೆಜ್ಜೆ: ಸಿದ್ಧತೆ

ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿರಿಸಬೇಕು. ತ್ರೀ ಫೇಸ್ ಯಂತ್ರವಾದರೆ ಐಸೊಲೇಟರ್ ಇಳಿಸಿ, ಕೆಲಸ ನಡೆಯುತ್ತಿದೆಯೆಂದು ಒಂದು ಚೀಟಿ ತೂಗಿಸಿರಿ. ಸ್ವಿಚ್ ಆರಿಸಿದ ಬಳಿಕವೂ ಫ್ಯಾನು ಸ್ವಲ್ಪ ಹೊತ್ತು ತಿರುಗುತ್ತಿರುತ್ತದೆ, ಅದರ ಸದ್ದು ಪೂರ್ತಿ ನಿಲ್ಲುವ ತನಕ ಕಾಯಿರಿ. ಮುಖಕ್ಕೆ ಎನ್-95 ಮಾಸ್ಕ್ ಬೇಕು. ಬೈರಾಸು ಸುತ್ತಿಕೊಂಡರೆ ಒರಟು ಹುಡಿ ತಡೆಯಬಹುದೇ ಹೊರತು ಈ ಕೆಲಸದಲ್ಲಿ ಏಳುವ ಹುಡಿಯನ್ನು ಅದು ತಡೆಯದು, ಏಕೆಂದರೆ ಫಿಲ್ಟರಿನಲ್ಲಿ ಕೂತಿರುವುದು ವರ್ಷವಿಡೀ ಆರಿಸಿ ಶೇಖರಿಸಿದ ಅತಿ ನಯವಾದ ಪಾಲು. ಕಣ್ಣಿಗೆ ಬದಿ ಮುಚ್ಚುವ ಕನ್ನಡಕ, ಮೈಗೆ ಉದ್ದ ತೋಳಿನ ಅಂಗಿ ಇರಲಿ. ತೇಗ ಮತ್ತು ಬೀಟೆಯ ಹುಡಿ ಕೆಲವರ ಮೈಗೆ ತುರಿಕೆ ತರುತ್ತದೆ.

ಬಿಚ್ಚಿದ ಫಿಲ್ಟರನ್ನು ಶುಚಿ ಮಾಡುವುದು ಶೆಡ್ಡಿನ ಹೊರಗೆ ನಡೆಯಬೇಕು. ಬೆಳಗಿನ ಹೊತ್ತು ಗಾಳಿ ಕಡಿಮೆ ಇರುವುದರಿಂದ ಆಗ ಅನುಕೂಲ. ಅಡಿಕೆ ಹರಡಿದ ಅಂಗಳ, ಬಾವಿಕಟ್ಟೆ, ಬಟ್ಟೆ ಒಣಗುವ ಸರಿಗೆ ಇವುಗಳಿಂದ ದೂರವಾಗಿ, ಗಾಳಿ ಬರುವ ಕಡೆಗೆ ಬೆನ್ನು ಹಾಕಿ ನಿಲ್ಲಿರಿ. ಹತ್ತಿರದಲ್ಲಿ ಬೆಂಕಿ, ಬೀಡಿ ಇರಕೂಡದು.

ಮೂರನೆಯ ಹೆಜ್ಜೆ: ಬಿಚ್ಚದೆ ಉದುರಿಸುವುದು

ಹೆಚ್ಚಿನ ಸಲ ಇಷ್ಟರಲ್ಲಿಯೇ ಕೆಲಸ ಮುಗಿಯುತ್ತದೆ. ಕ್ಯಾನಿಸ್ಟರಿನ ತಲೆಯ ಮೇಲೆ ಹಿಡಿಕೆಯಿದ್ದರೆ ಅದು ಒಳಗಿನ ಪಟ್ಟಿಗಳನ್ನು ನೆರಿಗೆಗಳ ಮೇಲೆ ಸವರಿಕೊಂಡು ಹೋಗುವಂತೆ ತಿರುಗಿಸುತ್ತದೆ. ಯಂತ್ರ ನಿಂತಿರುವಾಗ ಮಾತ್ರ ತಿರುಗಿಸಬೇಕು. ಓಡುತ್ತಿರುವಾಗ ತಿರುಗಿಸಿದರೆ ಗಾಳಿಯ ಒತ್ತಡ ಹುಡಿಯನ್ನು ಮತ್ತೆ ಅಲ್ಲಿಯೇ ಕೂರಿಸುತ್ತದೆ. ಬಲಕ್ಕೆ ನಾಲ್ಕೈದು ಸುತ್ತು, ಎಡಕ್ಕೆ ನಾಲ್ಕೈದು ಸುತ್ತು, ನಿಧಾನವಾಗಿ. ಜೋರಾಗಿ ತಿರುಗಿಸಿದರೆ ಹೆಚ್ಚು ಹುಡಿ ಬೀಳುತ್ತದೆ ಎಂಬುದು ಸುಳ್ಳು, ನೆರಿಗೆಯ ತುದಿ ಮಾತ್ರ ಹೆಚ್ಚು ಸವೆಯುತ್ತದೆ. ತಿರುಗಿಸಿದ ಬಳಿಕ ಹತ್ತು ನಿಮಿಷ ಕೈಕಟ್ಟಿ ಕೂರಬೇಕು. ಒಳಗೆ ತೇಲುತ್ತಿರುವ ಹುಡಿ ಕೆಳಗಿನ ಚೀಲಕ್ಕೆ ಇಳಿದ ಮೇಲೆಯೇ ಚೀಲವನ್ನು ಬಿಚ್ಚಬೇಕು, ಇಲ್ಲವಾದರೆ ಕ್ಲಾಂಪು ಸಡಿಲಿಸಿದೊಡನೆ ಮುಖಕ್ಕೆ ಬರುತ್ತದೆ.

ಬಟ್ಟೆಯ ಚೀಲವಾದರೆ ಹೊರಗಿನಿಂದ ಅಂಗೈಯಲ್ಲಿ ಮೇಲಿನಿಂದ ಕೆಳಕ್ಕೆ ತಟ್ಟುತ್ತಾ ಬನ್ನಿರಿ. ಕೋಲಿನಿಂದ ಬಡಿದರೆ ಹೊಲಿಗೆಯ ಸೂಜಿತೂತುಗಳು ಅಗಲವಾಗುತ್ತವೆ. ಕೆಳಗಿನ ಚೀಲ ಮೂರನೆಯ ಎರಡು ಪಾಲು ತುಂಬುವಷ್ಟರಲ್ಲಿ ಖಾಲಿ ಮಾಡುವುದು ಫಿಲ್ಟರಿಗೆ ಮಾಡುವ ದೊಡ್ಡ ಉಪಕಾರ. ಅದಕ್ಕಿಂತ ಹೆಚ್ಚು ತುಂಬಿದರೆ ಒಳಗಿನ ಸುಳಿಗಾಳಿ ಬಿದ್ದ ಹುಡಿಯನ್ನು ಮತ್ತೆ ಎತ್ತಿ ಮೇಲಕ್ಕೆ ಒಯ್ಯುತ್ತದೆ.

ನಾಲ್ಕನೆಯ ಹೆಜ್ಜೆ: ಬಿಚ್ಚಿ ಗಾಳಿ ಹೊಡೆಯುವುದು

ಉದುರಿಸಿದರೂ ನೀರಿನ ಅಂತರ ಇಳಿಯದಿದ್ದಾಗ ಕ್ಯಾನಿಸ್ಟರನ್ನು ಇಳಿಸಬೇಕಾಗುತ್ತದೆ. ಇಳಿಸುವ ಮೊದಲು ಕ್ಯಾನಿಸ್ಟರಿಗೂ ಉಂಗುರಕ್ಕೂ ನಡುವೆ ಚಾಕ್‌ಪೀಸಿನಿಂದ ಒಂದು ಗೆರೆ ಎಳೆದಿಟ್ಟರೆ ಮತ್ತೆ ಕೂರಿಸುವಾಗ ಬೋಲ್ಟಿನ ತೂತುಗಳನ್ನು ಹುಡುಕುತ್ತಾ ತಿರುಗಿಸುವ ಕಷ್ಟವಿಲ್ಲ. ಇಬ್ಬರು ಹಿಡಿದು, ವಾಲಿಸದೆ ನೆಟ್ಟಗೆ ಎತ್ತಿ, ತೆರೆದ ಬಾಯಿ ಕೆಳಗಾಗಿ ಒಂದು ದೊಡ್ಡ ಪ್ಲಾಸ್ಟಿಕ್ ಚೀಲದೊಳಗೆ ಇಳಿಸಿ, ಚೀಲದ ಬಾಯಿಯನ್ನು ಕ್ಯಾನಿಸ್ಟರಿನ ಕೆಳ ಅಂಚಿಗೆ ಕಟ್ಟಿರಿ. ಎರಡು ಹಲಗೆ ತುಂಡುಗಳ ಮೇಲೆ ನಿಲ್ಲಿಸಿದರೆ ಹುಡಿ ಬೀಳಲು ಜಾಗವಾಗುತ್ತದೆ. ನೆಲಕ್ಕೆ ಕುಕ್ಕಬಾರದು. ನೆರಿಗೆಯ ಹಾಳೆಯನ್ನು ಮೇಲಿನ, ಕೆಳಗಿನ ತಟ್ಟೆಗಳಿಗೆ ಅಂಟಿಸಿರುವುದು ಗೋಂದಿನಿಂದ. ನಾಲ್ಕು ಸಲ ಕುಕ್ಕಿದರೆ ಅಂಟು ಕೂದಲೆಳೆಯಷ್ಟು ಬಿಟ್ಟು, ಕಣ್ಣಿಗೆ ಕಾಣದ ಆ ಬಿರುಕಿನಿಂದ ಹುಡಿ ಹೊರಡುತ್ತದೆ.

ಗಾಳಿ ಹೊಡೆಯುವ ದಿಕ್ಕು ಹೊರಗಿನಿಂದ ಒಳಕ್ಕೆ. ಕೆಲಸ ಮಾಡುವಾಗ ಗಾಳಿ ಒಳಗಿನಿಂದ ಹೊರಕ್ಕೆ ಹೋಗುವುದರಿಂದ ಹುಡಿ ಕೂತಿರುವುದು ಒಳಗೆ. ಅದನ್ನು ಬಂದ ದಾರಿಯಲ್ಲಿಯೇ ಹಿಂದಕ್ಕೆ ಅಟ್ಟಬೇಕು. ಒಳಗೆ ನಾಜಲ್ ತೂರಿಸಿ ಹೊಡೆದರೆ ಹುಡಿ ಹಾಳೆಯ ಎಳೆಗಳೊಳಕ್ಕೆ ಹೊಕ್ಕು ಅಲ್ಲಿಯೇ ನಿಲ್ಲುತ್ತದೆ, ಆಮೇಲೆ ಯಾವ ಉಪಾಯಕ್ಕೂ ಬಗ್ಗದು. ಕಂಪ್ರೆಸರಿನ ಟ್ಯಾಂಕಿನಲ್ಲಿ 8 ಬಾರ್ ಇದ್ದರೂ ರೆಗ್ಯುಲೇಟರಿನಲ್ಲಿ ಒತ್ತಡವನ್ನು 2 ಬಾರಿಗೆ, ಅಂದರೆ ಸುಮಾರು 30 ಪಿ.ಎಸ್.ಐ.ಗೆ ಇಳಿಸಿ, ನಾಜಲನ್ನು ಹಾಳೆಯಿಂದ ಒಂದು ಗೇಣಿನಷ್ಟು ದೂರದಲ್ಲಿ ಸ್ವಲ್ಪ ಓರೆಯಾಗಿ ಹಿಡಿದು, ನೆರಿಗೆಯ ಉದ್ದಕ್ಕೆ ಮೇಲಿನಿಂದ ಕೆಳಕ್ಕೆ ಒಂದೊಂದಾಗಿ ಬರಬೇಕು. ಅಡ್ಡಡ್ಡ ಹೊಡೆದರೆ ನೆರಿಗೆಗಳು ಒಂದರ ಮೇಲೊಂದು ಮಗುಚಿ ಬೀಳುತ್ತವೆ. ಒಂದು ಸುತ್ತು ಮುಗಿದ ಮೇಲೆ ಚೀಲದಲ್ಲಿ ಬಿದ್ದ ಹುಡಿ ಇಳಿಯುವ ತನಕ ನಿಲ್ಲಿಸಿ, ಇನ್ನೊಂದು ಸುತ್ತು ಹೊಡೆದು ಸಾಕು ಮಾಡಿರಿ. ಹಾಳೆಯ ಮೂಲ ಬಣ್ಣ ಬರಲಿಲ್ಲವೆಂದು ಮೂರನೆಯ, ನಾಲ್ಕನೆಯ ಸುತ್ತಿಗೆ ಹೋಗಬಾರದು. ಹಲಸಿನ ಹುಡಿಯ ಹಳದಿ ಹೇಗೂ ಹೋಗುವುದಿಲ್ಲ, ಅದು ಬಣ್ಣವೇ ಹೊರತು ಕೊಳೆಯಲ್ಲ. ಅದೇ ಗಾಳಿಯನ್ನು ಮೈಮೇಲಿನ ಹುಡಿ ಕೊಡವಲು ಬಳಸುವ ಅಭ್ಯಾಸ ಅಪಾಯಕಾರಿ. ಒತ್ತಡದ ಗಾಳಿ ಕಣ್ಣಿಗೆ, ಕಿವಿಗೆ, ಗಾಯವಿದ್ದರೆ ಚರ್ಮದೊಳಕ್ಕೂ ಹಾನಿ ಮಾಡಬಲ್ಲದು.

ಕಂಪ್ರೆಸರ್ ಬಳಸುವ ಮೊದಲು ಟ್ಯಾಂಕಿನ ಅಡಿಯ ಕೀಲನ್ನು ತೆರೆದು ನೀರು ಬಿಡಬೇಕೆಂಬುದನ್ನು ವಿಶೇಷವಾಗಿ ಹೇಳಬೇಕಾಗಿದೆ. ನಮ್ಮ ಕಡೆಯ ಗಾಳಿಯನ್ನು ಹಿಂಡಿದರೆ ಅದರೊಳಗಿನ ತೇವ ನೀರಾಗಿ ಟ್ಯಾಂಕಿನ ತಳದಲ್ಲಿ ಸೇರುತ್ತದೆ. ಮಳೆ ಬಿರುಸಾಗಿರುವ ಆಟಿ ತಿಂಗಳಿನಲ್ಲಿ ಕೀಲು ತೆರೆದರೆ ತುಕ್ಕಿನ ಬಣ್ಣದ ನೀರು ಲೋಟಗಟ್ಟಲೆ ಸುರಿಯುವುದನ್ನು ನೋಡಬಹುದು. ಅದನ್ನು ಬಿಡದೆ ಹೊಡೆದರೆ ಹುಡಿಯ ಮೇಲೆ ನೀರಿನ ತುಂತುರು ಬಿದ್ದು, ಅದು ಕಣಕವಾಗಿ ನೆರಿಗೆಯ ತಳದಲ್ಲಿ ಕೂತು, ಒಣಗಿದ ಮೇಲೆ ಹಲಗೆಯಂತೆ ಗಟ್ಟಿಯಾಗುತ್ತದೆ. ಕಂಪ್ರೆಸರ್ ಇಲ್ಲದವರು ವ್ಯಾಕ್ಯೂಮ್ ಕ್ಲೀನರಿಗೆ ಮೆತ್ತನೆಯ ಬ್ರಶ್ಶು ಹಾಕಿ ಒಳಮೈಯಿಂದ ಎಳೆಯಬಹುದು. ಹೊತ್ತು ಹೆಚ್ಚು ಹಿಡಿದರೂ ಹಾಳೆಗೆ ಅಪಾಯ ಕಡಿಮೆ, ಅಂಗಳದಲ್ಲಿ ಹುಡಿ ಏಳುವುದೂ ಇಲ್ಲ. ನನ್ನ ಮಟ್ಟಿಗೆ ಇದೇ ಉತ್ತಮ ಕ್ರಮ.

ಐದನೆಯ ಹೆಜ್ಜೆ: ತೊಳೆಯಬೇಕೆ?

ಹೆಚ್ಚಿನವರಿಗೆ ಬೇಡ. ಪ್ಲೈವುಡ್, ಎಂ.ಡಿ.ಎಫ್. (ಮರದ ನಾರನ್ನು ಅಂಟು ಬೆರೆಸಿ ಒತ್ತಿ ಮಾಡಿದ) ಹಲಗೆಗಳನ್ನು ಬಹಳ ಕುಯ್ಯುವವರ ಪಾಲಿಯೆಸ್ಟರ್ ಫಿಲ್ಟರಿನಲ್ಲಿ ಅಂಟಿನ ಅಂಶ ಸೇರಿದ ಹುಡಿ ಗಾಳಿಗೆ ಬಿಡದೆ ಕೂತಿದ್ದರೆ ಮಾತ್ರ ತೊಳೆಯುವ ಯೋಚನೆ ಮಾಡಬಹುದು, ಅದೂ ತಯಾರಕರು ತೊಳೆಯಬಹುದೆಂದು ಬರೆದಿದ್ದರೆ. ಕಾಲ ಜನವರಿಯಿಂದ ಏಪ್ರಿಲ್ ಒಳಗೆ. ಮೊದಲು ಗಾಳಿ ಹೊಡೆದು ಒಣ ಹುಡಿಯನ್ನೆಲ್ಲ ತೆಗೆದು, ತೋಟಕ್ಕೆ ನೀರು ಬಿಡುವ ಪೈಪಿನಿಂದ ಒತ್ತಡವಿಲ್ಲದ ತಣ್ಣೀರನ್ನು ಹೊರಗಿನಿಂದ ಒಳಕ್ಕೆ ಹರಿಯಬಿಡಿರಿ. ಕಾರು ತೊಳೆಯುವ ಪ್ರೆಶರ್ ವಾಶರ್, ಬಿಸಿನೀರು, ಬ್ರಶ್ಶು ಬೇಡ. ಸಾಬೂನಿನ ಅಂಶ ಎಳೆಗಳ ನಡುವೆ ಉಳಿದರೆ ಹುಡಿ ಇನ್ನಷ್ಟು ಅಂಟುತ್ತದೆ. ಹತ್ತಿಯ ಚೀಲ ತೊಳೆದರೆ ಕುಗ್ಗುವುದರಿಂದ ಉಂಗುರಕ್ಕೆ ಮತ್ತೆ ಏರಿಸುವುದೇ ಕಷ್ಟವಾಗುತ್ತದೆ.

ತೊಳೆದುದನ್ನು ಒಣಗಿಸುವಲ್ಲಿ ಅವಸರ ಕೂಡದು. ನೆರಿಗೆಯ ಹೊರತುದಿ ಎರಡೇ ಗಂಟೆಯಲ್ಲಿ ಒಣಗಿದಂತೆ ಕಂಡರೂ ಒಳಮಡಿಕೆಯಲ್ಲಿ, ಅಂಟಿನ ಅಂಚಿನಲ್ಲಿ ನೀರು ನಿಂತಿರುತ್ತದೆ. ನೆರಳಿನಲ್ಲಿ, ಗಾಳಿಯಾಡುವ ಜಗಲಿಯಲ್ಲಿ, ಬಾಯಿ ಕೆಳಗಾಗಿ ತೂಗುಹಾಕಿ ಎರಡು ದಿನ ಬಿಡಿರಿ. ಒಲೆಯ ಮೇಲಿನ ಅಟ್ಟದಲ್ಲಿ ಇಡಬಾರದು, ಹೊಗೆಯ ಜಿಡ್ಡು ಹಾಳೆಗೆ ಹಿಡಿಯುತ್ತದೆ. ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಗೂಡಿನ ಕಾವಿಗೆ ಅಂಟು ಸಡಿಲವಾಗುವ ಭಯವಿದೆ. ಒಣಗಿತೋ ಇಲ್ಲವೋ ಎಂದು ತಿಳಿಯಲು ತೂಕ ನೋಡುವುದೇ ಖಚಿತವಾದ ದಾರಿ: ಅಡಿಕೆ, ರಬ್ಬರ್ ಶೀಟು ತೂಗುವ ಡಿಜಿಟಲ್ ಕೊಕ್ಕೆಗೆ ಫಿಲ್ಟರನ್ನು ಸಿಕ್ಕಿಸಿ ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ತೂಗಿದರೆ, ಎರಡು ಸಲದ ತೂಕದಲ್ಲಿ ವ್ಯತ್ಯಾಸ ಬಾರದಿದ್ದಾಗ ಒಳಗಿನ ನೀರು ಹೋಗಿದೆಯೆಂದು ಅರ್ಥ. ಆ ತೂಕವನ್ನು ಮೇಲಿನ ತಟ್ಟೆಯ ಮೇಲೆ ಮಾರ್ಕರಿನಲ್ಲಿ ಬರೆದಿಟ್ಟರೆ ಮುಂದೆ ಬೇರೆ ಪ್ರಯೋಜನಕ್ಕೂ ಬರುತ್ತದೆ.

ಆರನೆಯ ಹೆಜ್ಜೆ: ಮತ್ತೆ ಕೂರಿಸುವ ಮೊದಲು

ರಾತ್ರಿಯ ಹೊತ್ತು ಶೆಡ್ಡಿನ ದೀಪಗಳನ್ನು ಆರಿಸಿ, ಕ್ಯಾನಿಸ್ಟರಿನೊಳಗೆ ಒಂದು 9 ವ್ಯಾಟಿನ ಎಲ್‌ಇಡಿ ಬಲ್ಬನ್ನು ಇಳಿಬಿಟ್ಟು ಸುತ್ತ ನೋಡಿರಿ. ಒಳ್ಳೆಯ ಹಾಳೆ ಎಲ್ಲೆಡೆ ಸಮನಾದ ಮಂದ ಬೆಳಕು ಕೊಡುತ್ತದೆ. ಎಲ್ಲಾದರೂ ಚೂಪಾದ ಬೆಳಕಿನ ಚುಕ್ಕೆ ಕಂಡರೆ ಅದು ತೂತು. ಅಂಥವು ಹೆಚ್ಚಾಗಿ ಪಟ್ಟಿಗಳು ಸವರುವ ಒಳನೆರಿಗೆಯ ತುದಿಯಲ್ಲಿ ಮತ್ತು ಕೆಳತಟ್ಟೆಯ ಅಂಟಿನ ಸಾಲಿನಲ್ಲಿರುತ್ತವೆ. ಗುಂಡುಸೂಜಿಯ ತಲೆಯಷ್ಟಿನ ತೂತಿಗೆ ಒಂದು ತೊಟ್ಟು ಸಿಲಿಕೋನ್ ಸಾಕು. ಉಗುರಿನಷ್ಟು ಹರಿದಿದ್ದರೆ, ಅಥವಾ ಚುಕ್ಕೆಗಳು ಸಾಲಾಗಿ ಕಂಡರೆ ಫಿಲ್ಟರಿನ ಕಾಲ ಮುಗಿದಿದೆ.

ಕ್ಯಾನಿಸ್ಟರಿಗೂ ಉಂಗುರಕ್ಕೂ ನಡುವೆ ಸೋರಿಕೆ ತಡೆಯುವ ಗ್ಯಾಸ್ಕೆಟ್ಟಿನ ಫೋಮನ್ನು ಬೆರಳಿನಿಂದ ಒತ್ತಿದರೆ ಅದು ಮತ್ತೆ ಮೇಲೇಳಬೇಕು. ಚಪ್ಪಟೆಯಾಗಿಯೇ ಉಳಿದರೆ ಬಾಗಿಲಿಗೆ ಅಂಟಿಸುವ ಫೋಮ್ ಪಟ್ಟಿ ತಂದು, ತುದಿಗಳು ಸೇರುವಲ್ಲಿ ಸಂದು ಬಿಡದೆ ಓರೆಯಾಗಿ ಕತ್ತರಿಸಿ ಅಂಟಿಸಿರಿ. ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಅರ್ಧ ದಿನ ಹಲಸಿನ ಹಲಗೆ ಸ್ಯಾಂಡಿಂಗ್ ಮಾಡಿದ ಬಳಿಕ ಉಂಗುರದ ಅಂಚನ್ನು ಬಿಳಿ ಬಟ್ಟೆಯಲ್ಲಿ ಒರಸಿ ನೋಡಿದರೆ ಎಲ್ಲಿ ಸೋರುತ್ತಿದೆಯೋ ಅಲ್ಲಿ ಬಟ್ಟೆಗೆ ಹಳದಿ ಗೀರು ಹತ್ತುತ್ತದೆ. ಇದಕ್ಕಿಂತ ಅಗ್ಗದ ಪರೀಕ್ಷೆ ಬೇರೆ ಬೇಕಾಗಿಲ್ಲ. ಯಂತ್ರದ ಲೋಹದ ಭಾಗಗಳಿಂದ ಅರ್ತಿಂಗಿಗೆ ಹೋಗುವ ವಯರು ಬಿಚ್ಚಿದ್ದರೆ ಮರಳಿ ಹಾಕುವುದನ್ನು ಮರೆಯಬಾರದು.

ಮಳೆಗಾಲದ ಕ್ರಮ

ತುಳುವರ ಬೇಶ ತಿಂಗಳ ಹತ್ತನೆಯ ದಿನ, ಸಾಮಾನ್ಯವಾಗಿ ಮೇ 24ರ ಆಸುಪಾಸಿನಲ್ಲಿ ಬರುವ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ನೇಮಗಳು ನಿಲ್ಲುತ್ತವೆ. ವರ್ಷದ ದೊಡ್ಡ ಶುಚಿಯನ್ನೂ ಅದರೊಳಗೆ ಮುಗಿಸಿಕೊಳ್ಳುವುದು ಸೂಕ್ತ. ದಪ್ಪ ಪದರ ಹೊತ್ತ ಫಿಲ್ಟರು ಮಳೆಗಾಲಕ್ಕೆ ಕಾಲಿಟ್ಟರೆ ಆ ಪದರವೇ ತೇವ ಕುಡಿದು ಬೂಸ್ಟು ಹಿಡಿಯುತ್ತದೆ. ಎರಡನೆಯ ಶುಚಿಗೆ ಆಯುಧಪೂಜೆಯ ಹೊತ್ತು ಹೇಗೂ ಯಂತ್ರಗಳು ನಿಲ್ಲುವುದರಿಂದ ಆಗ ಅನುಕೂಲ.

ಗಾಳಿಯ ಸಾಪೇಕ್ಷ ತೇವ ಶೇಕಡಾ 90ರ ಹತ್ತಿರವಿದ್ದಾಗ ಒಣ ಮರದ ಹುಡಿಯೂ ತನ್ನ ತೂಕದ ಸುಮಾರು ಶೇಕಡಾ 20ರಷ್ಟು ನೀರನ್ನು ಗಾಳಿಯಿಂದಲೇ ಹೀರಿಕೊಳ್ಳುತ್ತದೆ. ಹೀಗಾಗಿ ಜೂನ್‌ನಿಂದ ಸೆಪ್ಟೆಂಬರ್ ತನಕ ಕೆಳಗಿನ ಚೀಲವನ್ನು ತುಂಬಲಿ ಬಿಡಲಿ ಪ್ರತಿ ಸಂಜೆ ಖಾಲಿ ಮಾಡಬೇಕು. ಕೆಲಸ ಮುಗಿದ ಮೇಲೆ ಗೇಟುಗಳನ್ನೆಲ್ಲ ತೆರೆದು ಯಂತ್ರವನ್ನು ಹತ್ತು ನಿಮಿಷ ಬರಿದೇ ಓಡಿಸಿ, ನಿಲ್ಲಿಸಿದ ಬಳಿಕ ಹಿಡಿಕೆ ತಿರುಗಿಸಿ ಉದುರಿಸಿರಿ. ಹಸಿ ಮರವನ್ನು, ಅದರಲ್ಲಿಯೂ ಈಗಷ್ಟೇ ಕಡಿದ ರಬ್ಬರ್, ಅಕೇಶಿಯಾ ಹಲಗೆಗಳನ್ನು ಪ್ಲೇನರಿಗೆ ಕೊಡುವುದಾದರೆ ಆ ದಿನ ಡಸ್ಟ್ ಕಲೆಕ್ಟರಿನ ಪೈಪನ್ನು ಕಳಚಿ ಸಿಪ್ಪೆ ನೆಲಕ್ಕೆ ಬೀಳಲಿ. ಹಸಿ ಸಿಪ್ಪೆಯಿಂದ ಮೇಲೇಳುವ ನಯವಾದ ಹುಡಿ ಕಡಿಮೆ, ಆದರೆ ಅದು ಒಯ್ಯುವ ನೀರು ಫಿಲ್ಟರಿಗೆ ಕೆಟ್ಟದು.

ಯಂತ್ರವನ್ನು ಹೊದಿಸಿಡುವ ವಿಷಯದಲ್ಲಿ ಒಂದು ತಪ್ಪು ಅಭ್ಯಾಸ ಬೇರೂರಿದೆ. ಟರ್ಪಾಲು ಸುತ್ತಿ ಹಗ್ಗ ಬಿಗಿದರೆ ಮಳೆಯ ಇರಚಲಿನಿಂದ ರಕ್ಷಣೆ ಸಿಗುತ್ತದೆ, ಒಳಗಿನ ತೇವಕ್ಕೆ ಮಾತ್ರ ಹೊರಬರಲು ದಾರಿಯಿಲ್ಲದಂತಾಗುತ್ತದೆ. ತಲೆಯ ಮೇಲೆ ಹಳೆಯ ಬೈರಾಸು ಹಾಕಿ ಬದಿಗಳನ್ನು ಬಿಟ್ಟುಬಿಡುವುದು ಲೇಸು. ನೆಲದ ಥಂಡಿ ತಾಗದಂತೆ ಚಕ್ರಗಳ ಕೆಳಗೆ ಹಲಗೆಯಿಡಿರಿ. ತಿಂಗಳುಗಟ್ಟಲೆ ಕೆಲಸವಿಲ್ಲವೆಂದಾದರೆ ಫಿಲ್ಟರನ್ನು ಬಿಚ್ಚಿ, ತೂಗಿ, ಮನೆಯೊಳಗೆ ಒಣ ಜಾಗದಲ್ಲಿ ತೂಗುಹಾಕುವುದು ಉತ್ತಮ. ಹುಡಿಯಿರುವ ಚೀಲಕ್ಕೆ ಗೆದ್ದಲು ಬರುತ್ತದೆ, ಬೆಚ್ಚಗಿನ ನೆರಿಗೆಗಳಲ್ಲಿ ಜಿರಳೆ ಮೊಟ್ಟೆಯಿಡುತ್ತದೆ, ಬಟ್ಟೆಯ ಚೀಲವನ್ನು ಇಲಿ ಕಡಿಯುತ್ತದೆ. ಮಣ್ಣಿನ ವಾಸನೆ ಬರುವ, ಕಪ್ಪು ಚುಕ್ಕೆ ಮೂಡಿದ ಫಿಲ್ಟರನ್ನು ಬಿಸಿಲಿಗೆ ಹಾಕಿ ಮತ್ತೆ ಬಳಸಬಾರದು. ಬೂಸ್ಟಿನ ಬೀಜಕಣಗಳನ್ನು ಫ್ಯಾನು ಶೆಡ್ಡಿನ ತುಂಬ ಹರಡುತ್ತದೆ.

ತೆಗೆದ ಹುಡಿಯನ್ನು ಏನು ಮಾಡಬೇಕು

ಇಡೀ ಮರದ ಒರಟು ಹುಡಿಯನ್ನು ಸೆಗಣಿಯೊಡನೆ ಬೆರೆಸಿ ಬಹುಕಾಲ ಕೊಳೆಯಿಸಿದರೆ ತೋಟಕ್ಕೆ ಹಾಕಬಹುದು. ಹಸಿಯಾಗಿಯೇ ಬುಡಕ್ಕೆ ಹಾಕಿದರೆ ಕೊಳೆಯುವಾಗ ಅದು ಮಣ್ಣಿನ ಸಾರಜನಕವನ್ನು ತಾನೇ ಹೀರುತ್ತದೆ. ಪ್ಲೈವುಡ್, ಎಂ.ಡಿ.ಎಫ್. ಹುಡಿಯಲ್ಲಿ ಫಾರ್ಮಾಲ್ಡಿಹೈಡ್ ಸೇರಿದ ಅಂಟು ಇರುವುದರಿಂದ ಅದನ್ನು ಹಟ್ಟಿಯಲ್ಲಿ ದನದ ಕೆಳಗೆ ಹರಡುವುದೂ, ಬಚ್ಚಲೊಲೆಗೆ ಹಾಕುವುದೂ ಕೂಡದು. ಫಿಲ್ಟರಿನಿಂದ ಬಂದ ನಯವಾದ ಹುಡಿಯನ್ನು, ಯಾವ ಮರದ್ದಾದರೂ, ಉರಿಯುವ ಒಲೆಗೆ ಎಸೆಯಲೇಬಾರದು. ಗಾಳಿಯಲ್ಲಿ ಚದರಿದ ನಯವಾದ ಹುಡಿ ಒಮ್ಮೆಲೇ ಭುಗಿಲೆಂದು ಹತ್ತಿ ಎದುರಿಗಿದ್ದವರ ಮುಖವನ್ನು ಸುಡುತ್ತದೆ. ಅಗಸೆ ಎಣ್ಣೆ, ವಾರ್ನಿಶ್ ಹಚ್ಚಿದ ಮರವನ್ನು ಸ್ಯಾಂಡಿಂಗ್ ಮಾಡಿದ ಹುಡಿಯನ್ನು ರಾತ್ರಿ ಚೀಲದಲ್ಲಿ ಬಿಡಬಾರದು. ಅದು ತನ್ನಷ್ಟಕ್ಕೆ ಕಾವೇರಿ ಹೊಗೆಯಾಡುವುದುಂಟು. ಒದ್ದೆ ಮಾಡಿ, ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ಹೊರಗಿಡಿರಿ. ಕಬ್ಬಿಣ ಉಜ್ಜುವ ಗ್ರೈಂಡರಿಗೆ ಇದೇ ಯಂತ್ರದ ಪೈಪು ಜೋಡಿಸುವ ಯೋಚನೆಯನ್ನೂ ಇದೇ ಕಾರಣಕ್ಕೆ ಬಿಡಬೇಕು, ಒಂದು ಕಿಡಿ ಸಾಕು.

ಬದಲಾಯಿಸುವ ಹೊತ್ತು

ಉದುರಿಸಿ, ಗಾಳಿ ಹೊಡೆದ ಬಳಿಕವೂ ನೀರಿನ ಅಂತರ ಮೂಲದ ಎರಡರಷ್ಟೇ ಉಳಿದರೆ, ಅಥವಾ ಒಣಗಿದ ಫಿಲ್ಟರಿನ ತೂಕ ಹಿಂದೆ ಬರೆದಿಟ್ಟ ತೂಕಕ್ಕಿಂತ ಬಹಳ ಹೆಚ್ಚಾಗಿದ್ದರೆ ಹುಡಿ ಎಳೆಗಳೊಳಗೆ ನೆಲೆಸಿದೆಯೆಂದು ತಿಳಿದು ಹೊಸದು ತರಬೇಕು. ಕೊಳ್ಳುವಾಗ 30 ಮೈಕ್ರಾನಿನ ಬಟ್ಟೆಯ ಚೀಲವನ್ನು ಅಗ್ಗವೆಂದು ತರಬೇಡಿ. ಶ್ವಾಸಕೋಶಕ್ಕೆ ಇಳಿಯುವ ಪಾಲನ್ನೆಲ್ಲ ಅದು ಶೆಡ್ಡಿನ ಗಾಳಿಗೇ ಮರಳಿ ಬಿಡುತ್ತದೆ. 1 ಮೈಕ್ರಾನಿನದು ಬೇಕು, ಮತ್ತು ಹಾಳೆಯ ಒಟ್ಟು ವಿಸ್ತಾರ ಹೆಚ್ಚಿದ್ದಷ್ಟು ಒಳ್ಳೆಯದು, ಏಕೆಂದರೆ ಅದೇ ಗಾಳಿ ಹೆಚ್ಚು ಜಾಗದಲ್ಲಿ ಹಂಚಿಹೋಗಿ ತಡೆ ಇಳಿಯುತ್ತದೆ. ಊರಿನ ದರ್ಜಿಯಲ್ಲಿ ಕೋರಾ ಬಟ್ಟೆಯ ಚೀಲ ಹೊಲಿಸುವುದರಲ್ಲಿ ಹಣ ಉಳಿಯುತ್ತದೆಯಾದರೂ ಹುಡಿ ನಿಲ್ಲುವುದಿಲ್ಲ. ಹೊಲಿಸಲೇಬೇಕಾದರೆ ಚದರ ಮೀಟರಿಗೆ 500 ಗ್ರಾಂ ತೂಗುವ ಪಾಲಿಯೆಸ್ಟರ್ ಫೆಲ್ಟ್ ತರಿಸಿ, ಹೊಲಿಗೆಯ ಸಾಲಿನ ಮೇಲೆ ಸಿಲಿಕೋನ್ ಸವರಿಸಿರಿ.

ಹೊಸ ಫಿಲ್ಟರಿನ ಹಣ ಕೊಡುವ ಹೊತ್ತಿಗೆ ಯಂತ್ರಕ್ಕೂ ಗರಗಸಕ್ಕೂ ನಡುವೆ ಒಂದು ಸೈಕ್ಲೋನ್ ಡ್ರಮ್ ಜೋಡಿಸುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಒರಟು ಹುಡಿಯೂ ಸಿಪ್ಪೆಯೂ ಅದರಲ್ಲಿಯೇ ಬಿದ್ದುಹೋಗುವುದರಿಂದ ಫಿಲ್ಟರಿನ ಹೊರೆ ಬಹುಮಟ್ಟಿಗೆ ಇಳಿಯುತ್ತದೆ. ಡ್ರಮ್ ಗಟ್ಟಿ ತಗಡಿನದಿರಲಿ; ತೆಳು ಪ್ಲಾಸ್ಟಿಕ್ಕಿನದಾದರೆ ಪೈಪು ಕಟ್ಟಿಕೊಂಡ ಕ್ಷಣದಲ್ಲಿ ಎಳೆತಕ್ಕೆ ಒಳಕ್ಕೆ ಸೊಟ್ಟಗಾಗುತ್ತದೆ. ಮುಚ್ಚಳದಲ್ಲಿ ಸಣ್ಣ ಸೋರಿಕೆಯಿದ್ದರೂ ಡ್ರಮ್ಮಿಗೆ ಬಿದ್ದ ಹುಡಿ ಮತ್ತೆ ಎದ್ದು ಫಿಲ್ಟರಿಗೇ ಹೋಗುವುದರಿಂದ ಮುಚ್ಚಳದ ಸುತ್ತಲೂ ಅದೇ ಫೋಮ್ ಪಟ್ಟಿ ಅಂಟಿಸಿ, ನೀರಿನ ಮಾಪಕದ ಮೂಲ ಓದನ್ನು ಹೊಸದಾಗಿ ಗುರುತಿಸಿಕೊಳ್ಳಬೇಕು.